ಅರಸೀಕೆರೆಯ ಕಡಲಬಂಗಲೆ

ಅಕ್ಟೋಬರ್ 28, 2001

ಪುಟ್ಟರಾಜು ಸಮುದ್ರ ನೋಡಿ ಬಂದಿದ್ದಾನೆ. ನೋಡಿ ಬಂದವನ ಹಾಗೆ ಮಾತಾಡುತ್ತಿಲ್ಲ, ತಾನೇ ಮುಂದೆ ನಿಂತು ತೋಡಿಸಿದವನ ಹಾಗೆ ಮಾತಾಡುತ್ತಿದ್ದಾನೆ. ದಸರಾ ರಜೆಗೆ ಎಲ್‌ಟಿಸಿ ಪ್ರವಾಸ ಭತ್ಯೆ ತೆಗೆದುಕೊಂಡು ಹೆಂಡತಿ ಲತಾಮಣಿಯ ಜೊತೆ ಕಾರವಾರದ ಕಡೆ ಹೋದ ನನ್ನ ತಮ್ಮ, ತಾಲ್ಲೂಕು ಕಚೇರಿಯ ಪ್ರಥಮ ದರ್ಜೆ ಗುಮಾಸ್ತ, ಮೂಗಿನ ಸಿಪ್ಪೆ ಸುಲಿಸಿಕೊಂಡು ಬಂದು, ಬ್ಯಾಗು ಇಳಿಸುವ ಮೊದಲೇ ಒಂದು ಕ್ಯಾಲೆಂಡರ್ ಬಿಚ್ಚಿ ಅವ್ವನ ಮುಂದೆ ಹಿಡಿದ. ತಿಂಗಳಿಗೊಂದು ಸಮುದ್ರದಂಡೆಯ ಬಂಗಲೆ. ಯಾವ ಯಾವ ದೇಶದ್ದೋ. ಬಿಳಿ ಕಂಬ, ನೀಲಿ ಕಿಟಕಿ, ಹುಲ್ಲಿನ ಮೇಲೆ ಬೆತ್ತದ ಕುರ್ಚಿ. ಒಂದು ಕುರ್ಚಿಯ ಮೇಲೂ ಮನುಷ್ಯರಿಲ್ಲ. ಅಷ್ಟು ದುಡ್ಡು ಸುರಿದು ಕಟ್ಟಿಸಿದ ಮೇಲೆ ಕೂರುವುದಕ್ಕೆ ಒಬ್ಬರಾದರೂ ಬೇಡವೆ?

ಅಂಥದೇ ಒಂದು ಬಂಗಲೆಯಲ್ಲಿ ಇವರು ಉಳಿದಿದ್ದರಂತೆ. ಯಾವನೋ ಇಂಗ್ಲಿಷ್ ದೊರೆ ಕಟ್ಟಿಸಿದ್ದು, ಈಗ ಹೋಟೆಲು.

"ದೊರೆ ಮಲಗ್ತಿದ್ದ ಮಂಚ ಇವತ್ತಿಗೂ ಹಂಗೇ ಐತೆ ಕಣಕ್ಕ."

"ಅದರ ಮೇಲೆ ಮಲಗಿದ್ಯಾ?"

"ಇಲ್ಲ, ಸುತ್ತ ಹಗ್ಗ ಕಟ್ಟವ್ರೆ."

ಹಗ್ಗ ಕಟ್ಟಿದ ಮಂಚ ನೋಡಲು ಘಟ್ಟ ಇಳಿದು ಹೋಗಬೇಕಿತ್ತೆ? ಲತಾಮಣಿ ಸ್ವಲ್ಪ ಬುದ್ಧಿ ಇರುವ ಹೆಣ್ಣು. "ರಾತ್ರಿಯೆಲ್ಲ ಆ ಸಮುದ್ರದ್ದು ಯಾರೋ ಗೊರಕೆ ಹೊಡ್ದಂಗೆ ಸದ್ದು ಅಕ್ಕ, ನಂಗೆ ನಿದ್ದೇನೆ ಬರ್ಲಿಲ್ಲ" ಎಂದು ಸ್ನಾನಕ್ಕೆ ಹೋದಳು. ಅವ್ವ ಕ್ಯಾಲೆಂಡರನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಸೌದೆ ಎಲ್ಲಿ ಒಟ್ತಾರ್ಲಾ ಇದ್ರಾಗೆ?" ಅಂದಳು. ಇಡೀ ದಿನದಲ್ಲಿ ಈ ಮನೆಯಲ್ಲಿ ಕೇಳಿಬಂದ ಬುದ್ಧಿವಂತ ಮಾತು ಅದೊಂದೇ.

ಅವನು ಅದನ್ನು ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಪಕ್ಕದ ಮೊಳೆಗೆ ನೇತುಹಾಕಿದ. ನಾನು ತೆಗೆದು ಬಚ್ಚಲ ದಾರಿಯ ಗೋಡೆಗೆ ಹಾಕಿದೆ. ಈ ಮನೆಯಲ್ಲಿ ನಾನು ಬಾಯಿ ತೆರೆದರೆ ಜಗಳವಾಗುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ಹೇಳಿ ನನ್ನ ದನಿಯೇ ಹಾಗಾಗಿದೆಯಂತೆ. ಆದ್ದರಿಂದ ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ.

ನವೆಂಬರ್ 18

ಹುಚ್ಚು ಇಳಿಯುತ್ತದೆ ಎಂದುಕೊಂಡಿದ್ದೆ. ಏರಿದೆ. ಕಣಕಟ್ಟೆ ರಸ್ತೆಯಲ್ಲಿ ನಾವಿಬ್ಬರೂ ಸೇರಿ ತೆಗೆದುಕೊಂಡ ಸೈಟಿನಲ್ಲಿ ಕಡಲಬಂಗಲೆ ಕಟ್ಟಿಸುತ್ತಾನಂತೆ. ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದು ತಂದಿದ್ದ. ಮುಂದೆ ಕಂಬ, ಹಿಂದೆಯೂ ಕಂಬ. ದುಂಡು ಕಿಟಕಿ. ಪಶ್ಚಿಮಕ್ಕೆ ಅಗಲವಾದ ಮೆಟ್ಟಿಲು.

ಸೈಟಿನ ಪಶ್ಚಿಮಕ್ಕೆ ಇರುವುದು ದ್ಯಾವಯ್ಯನ ಮೇಕೆ ಕೊಟ್ಟಿಗೆ. ಅದರಾಚೆ ರಾಗಿ ಹೊಲ. ಅದರಾಚೆ ಯಾರದೋ ತೆಂಗಿನ ತೋಟ.

"ಈ ಮೆಟ್ಟಿಲ ಮೇಲೆ ಕೂತು ಏನು ನೋಡ್ತೀಯ?" ಅಂದೆ.

"ಸಮುದ್ರದ ಕಡೆ."

"ಎಲ್ಲಿದೆಯೋ ಸಮುದ್ರ?"

"ಪಶ್ಚಿಮಕ್ಕೇ ಐತಲ್ಲಕ್ಕ. ನಡುವೆ ಏನೇನೋ ಐತೆ ಅಷ್ಟೆ."

ಈ ಮನುಷ್ಯ ತಾಲ್ಲೂಕು ಕಚೇರಿಯಲ್ಲಿ ಜನರ ಜಮೀನಿನ ಗಡಿ ನೋಡುವ ಕೆಲಸದಲ್ಲಿದ್ದಾನೆ.

ಡಿಸೆಂಬರ್ 9

ಪಾಯ ಮುಗಿದು ಗೋಡೆ ಎದ್ದಿದೆ. ಇವತ್ತು ಮೇಸ್ತ್ರಿ ತಿಮ್ಮಯ್ಯ ನೂಲು ಹಿಡಿದು ನಿಂತು ಕೇಳಿದ: "ಸಾರ್, ಹಿಂಬಾಗ್ಲು ಎಲ್ಲಿ ಬಿಡಾನ?"

"ಹಿಂಬಾಗ್ಲು ಇಲ್ಲ."

"ನಕ್ಷೇಲಿ ಆ ಕಡೆ ಬಾಗ್ಲು ಐತಲ್ಲ?"

"ಅದೂ ಮುಂಬಾಗ್ಲೇ. ರಸ್ತೆ ಕಡೆ ಒಂದು, ಸಮುದ್ರದ ಕಡೆ ಒಂದು. ಎರಡಕ್ಕೂ ಒಂದೇ ಅಳತೆ, ಒಂದೇ ಮರ. ಬಂಗ್ಲೆ ಅಂದ್ರೆ ಹಂಗೇ ಇರ್ತದೆ."

ತಿಮ್ಮಯ್ಯ ಸಮುದ್ರದ ಕಡೆ ತಿರುಗಿ ನೋಡಿದ. ದ್ಯಾವಯ್ಯನ ಮೇಕೆಯೊಂದು ಹಿಂಗಾಲ ಮೇಲೆ ನಿಂತು ಹೊಂಗೆ ಸೊಪ್ಪು ಎಳೆಯುತ್ತಿತ್ತು. "ಆ ಕಡೆಯಿಂದ ಯಾರು ಬತ್ತಾರೆ ಸಾರ್?" ಎಂದು ಕೇಳಿದ. ಪುಟ್ಟರಾಜು ನೂಲಿನ ಇನ್ನೊಂದು ತುದಿ ಹಿಡಿದು ಎಳೆದ.

ಮನೆಗೆ ಬಂದು ನಾನು ಬಿಡಲಿಲ್ಲ. ಹಿಂಬಾಗಿಲಿಲ್ಲದ ಮನೆಯಲ್ಲಿ ಮುಸುರೆ ಎಲ್ಲಿ ಚೆಲ್ಲುವುದು, ಬೂದಿ ಎಲ್ಲಿ ಹಾಕುವುದು, ಪಾತ್ರೆ ಎಲ್ಲಿ ಬೆಳಗುವುದು? ಎಲ್ಲ ಮಾಡುವವರು ಹೆಂಗಸರು, ಕಂಬಕ್ಕೆ ಒರಗಿ ಕೂರುವವನು ಇವನು. "ಅಕ್ಕ, ಅದೊಂದು ಕೇಳಬ್ಯಾಡ. ಬಾಕಿ ನೀನು ಹೇಳ್ದಂಗೆ ಮಾಡ್ತೀನಿ" ಅಂದ. ಸರಿ, ನಾನೂ ಹೇಳಿಬಿಟ್ಟೆ. ಜಾವಗಲ್ ಹೈಸ್ಕೂಲಿನಲ್ಲಿ ನನ್ನ ವಿಷಯದ ಜಾಗ ಖಾಲಿ ಇದೆ. ವರ್ಗ ಕೇಳಿಕೊಂಡು ಹೋಗುತ್ತೇನೆ, ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ, ನೀನು ನಿನ್ನ ಅರಮನೆಯಲ್ಲಿ ಸುಖವಾಗಿರು.

ಅವನ ಮುಖ ಸಣ್ಣದಾಯಿತು. "ಅವ್ವ ಬತ್ತಾಳಾ ಕೇಳು" ಅಂದ.

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. "ಮನೆ ಮುಗೀಲಿ ತಡೀರಿ. ಈಗ್ಲೇ ಯಾಕೆ ಬಡ್ಕಂತೀರಿ ಇಬ್ರೂ?" ಅಂದಳು. ಅವಳಿಗೆ ಇನ್ನೂ ಸೈಟು ತೋರಿಸಿಲ್ಲ. ಮಂಡಿ ನೋವು, ಕಲ್ಲು ಮಣ್ಣಿನಲ್ಲಿ ಬೀಳ್ತಾಳೆ, ಪೂರ್ತಿ ಆದ ಮೇಲೇ ನೋಡಲಿ ಎಂದು ಅವನ ಹಟ.

ಜನವರಿ 24, 2002

ಶಾಲೆಯ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಹಳೇಬೀಡಿನಲ್ಲಿ ತಂಪು ಕನ್ನಡಕ ಹಾಕಿದ ಒಂದು ದೊಡ್ಡ ಗುಂಪು ಆನೆಗಳ ಸಾಲಿನ ಮುಂದೆ ನಿಂತುಕೊಂಡು, ಇಲ್ಲಿಂದ ಬೀಚಿಗೆ ಎಷ್ಟು ಗಂಟೆ ಆಗುತ್ತೆ ಎಂದು ಗೈಡನ್ನು ಕೇಳುತ್ತಿತ್ತು. ನನ್ನ ತಮ್ಮ ಒಬ್ಬನೇ ಅಲ್ಲ. ಇದು ಊರಿಗೆಲ್ಲ ಹಬ್ಬಿರುವ ರೋಗ.

ವಾಪಸು ಬರುವಾಗ ಡ್ರೈವರು ನಮ್ಮ ಹಳೆಯ ಊರಿನ ದಾರಿ ಹಿಡಿದ. ಟೀಗೆ ನಿಲ್ಲಿಸಿದ್ದು ಸರಿಯಾಗಿ ದೊಡ್ಡಮನೆಯ ಮುಂದೆ. ಈಗ ಅದನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರಂತೆ, ಬೋರ್ಡ್ ಹಾಕಿದ್ದಾರೆ. ಮಕ್ಕಳು ನೀರು ಕುಡಿಯಲು ಮುಂಬಾಗಿಲಿನಿಂದಲೇ ನುಗ್ಗಿದವು. ಯಾರೂ ಏನೂ ಅನ್ನಲಿಲ್ಲ.

ನಮ್ಮಪ್ಪ ಸಣ್ಣಯ್ಯ ಬದುಕೆಲ್ಲ ದುಡಿದದ್ದು ಆ ಮನೆಯಲ್ಲಿ. ಮುಂದಿನ ಅಂಗಳ ಗುಡಿಸುತ್ತಿದ್ದ, ಹೊಸಿಲು ದಾಟಿದವನಲ್ಲ. ಹಬ್ಬದ ಮಾರನೆಯ ದಿನ ಅವ್ವ ನಮ್ಮಿಬ್ಬರನ್ನು ಸೆರಗಿಗೆ ಅಂಟಿಸಿಕೊಂಡು, ಗೋಡೆಯ ಪಕ್ಕಕ್ಕೇ ಬಳಸಿಕೊಂಡು ಹಿತ್ತಲಿಗೆ ಹೋಗಿ, ಬಾಗಿಲಾಚೆ ಕೂರುತ್ತಿದ್ದಳು. ಒಳಗಿನಿಂದ ಹಬ್ಬದಲ್ಲಿ ಮಿಕ್ಕಿದ್ದನ್ನು ಹಿಡಿದ ಕೈ ಬರುವವರೆಗೂ ಕೂತಿರಬೇಕು. ಪುಟ್ಟರಾಜು ಒಮ್ಮೆ ಅಲ್ಲೇ ನಿದ್ದೆ ಹೋಗಿದ್ದ.

"ಮೇಡಂ, ನೀವು ಇಳಿಯಲ್ವಾ?" ಎಂದು ಡ್ರೈವರು ಕೇಳಿದ. ಕಾಲು ನೋವು ಅಂದೆ. ಕಾಲು ನೋವಿರಲಿಲ್ಲ. ಹಳೆಯ ದೊಡ್ಡ ಮನೆ ಕಂಡ ಕೂಡಲೇ ಆಹಾ ಓಹೋ ಎನ್ನುವ ಜನರನ್ನು ಕಂಡರೆ ನನಗಾಗುವುದಿಲ್ಲ.

ಫೆಬ್ರವರಿ 17

ಇವತ್ತಿನದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಅರಸೀಕೆರೆಯಿಂದ ಮಂಗಳೂರಿಗೆ ಕೊಬ್ಬರಿ ಒಯ್ಯುವ ಲಾರಿಯೊಂದು ಬರುವಾಗ ಖಾಲಿ ಬರುತ್ತದೆ. ಅದರಲ್ಲಿ ಇವನು ಕಡಲ ಮರಳು ತರಿಸಿದ್ದಾನೆ. ಕಟ್ಟಡಕ್ಕಲ್ಲ, ತಿಮ್ಮಯ್ಯ ಅದಕ್ಕೆ ಒಪ್ಪಲಿಲ್ಲ. ಸಮುದ್ರದ ಕಡೆಯ ಮೆಟ್ಟಿಲ ಮುಂದೆ ಹರಡುವುದಕ್ಕೆ. ಮೀನಿನ ನಾತ ಬೀದಿಯ ಕೊನೆಯವರೆಗೂ ಹೋಗಿದೆ. ಲತಾಮಣಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಇವನು ಪ್ಯಾಂಟು ಮಡಚಿ ಬರಿಗಾಲಿನಲ್ಲಿ ಅದರ ಮೇಲೆ ಅತ್ತಿಂದಿತ್ತ ಓಡಾಡಿದ. ವಯಸ್ಸು ನಲವತ್ತು ದಾಟಿದೆ.

ಫೆಬ್ರವರಿ 18

ಮರಳು ಬಂದದ್ದು ಬೀದಿಯ ಬೆಕ್ಕುಗಳಿಗೆಲ್ಲ ತಿಳಿದುಹೋಗಿದೆ. ಬರೆಯಲು ಅಸಹ್ಯ.

ಫೆಬ್ರವರಿ 23

ಬೆಕ್ಕಿನ ನಂತರ ಮೇಕೆ. ಉಪ್ಪಿನ ರುಚಿ ಹತ್ತಿದೆ. ಬೆಳಿಗ್ಗೆ ಇಬ್ಬನಿ ಬಿದ್ದ ಮರಳನ್ನು ದ್ಯಾವಯ್ಯನ ಮೇಕೆಗಳೆಲ್ಲ ಸಾಲಾಗಿ ನಿಂತು ನೆಕ್ಕುತ್ತವೆ. ದ್ಯಾವಯ್ಯ ಬಂದು ನನ್ನ ಹತ್ತಿರ ಗೋಳಾಡಿದ. "ಟೀಚರಮ್ಮ, ನಮ್ ಮೇಕೆ ಈಗ ಕೊಟ್ಟಿಗೆಗೇ ಬರಾಕಿಲ್ಲ ಅಂತವೆ. ಸಾಹೇಬ್ರು ಏನಾಕವ್ರೆ ಅದ್ರಾಗೆ?"

"ಸಮುದ್ರ ಹಾಕವ್ರೆ" ಅಂದೆ.

ಅವನು ನಗಲೂ ಇಲ್ಲ, ಬಗ್ಗಿ ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ ಉಗಿದು ಹೋದ. ಮರಳಿನಲ್ಲಿ ಚಿಪ್ಪುಗಳಿವೆ. ಶಾಲೆಯ ವಿಜ್ಞಾನ ಕೊಠಡಿಗೆ ಆಗುತ್ತವೆಂದು ಕೆಲವನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡೆ. ದುಡ್ಡು ಹಾಳಾಗಿದ್ದರಲ್ಲಿ ಅಷ್ಟಾದರೂ ಪ್ರಯೋಜನವಾಗಲಿ.

ಮಾರ್ಚ್ 10

ಕಿಟಕಿಗೆ ಬಳಿಯಲು ಇವನು ತಂದ ಬಣ್ಣ ನೋಡಬೇಕಿತ್ತು. ಪಡಿತರ ಅಂಗಡಿಯ ಸೀಮೆಎಣ್ಣೆಯ ನೀಲಿ. ಡಬ್ಬ ಕಿತ್ತುಕೊಂಡು ನಾನೇ ಪೇಟೆಗೆ ಹೋಗಿ ವಾಪಸು ಕೊಟ್ಟೆ. ಕ್ಯಾಲೆಂಡರಿನ ಏಪ್ರಿಲ್ ಹಾಳೆ ಹರಿದುಕೊಂಡು ಹೋಗಿದ್ದೆ. ಅಂಗಡಿಯವನು ಬಿಳಿ ಬೆರೆಸಿದ, ಹಸಿರು ಬೆರೆಸಿದ, ಮತ್ತೆ ಬಿಳಿ ಬೆರೆಸಿದ, ಮಧ್ಯಾಹ್ನದ ಊಟದ ಹೊತ್ತೂ ಮೀರಿತು. ಕೊನೆಗೆ ಸರಿಯಾದದ್ದು ಬಂತು. ನಾನು ಸಮುದ್ರ ನೋಡಿಲ್ಲ, ನೋಡಬೇಕೆಂದೂ ಇಲ್ಲ. ಆದರೆ ಅದು ಸೀಮೆಎಣ್ಣೆ ಬಣ್ಣ ಅಲ್ಲ ಎನ್ನುವಷ್ಟು ಗೊತ್ತು. ನೀಲಿ ಯಾವುದೆಂದು ತಿಳಿಯದವನು ಇಂಥ ಹುಚ್ಚು ಹಚ್ಚಿಕೊಳ್ಳಬಾರದು.

ಏಪ್ರಿಲ್ 14

ಜಯಂತಿಯ ಮೆರವಣಿಗೆ ಮುಗಿಸಿ ಬಂದು ಊಟಕ್ಕೆ ಕೂತಾಗ ಹೇಳಿದೆ: ಜಾವಗಲ್ಲಿಗೆ ವರ್ಗ ಕೋರಿ ಅರ್ಜಿ ಕೊಟ್ಟಾಯಿತು. ಪುಟ್ಟರಾಜು ತಟ್ಟೆಯಿಂದ ತಲೆಯೆತ್ತಲಿಲ್ಲ. ಅದಕ್ಕೇ ನನಗೆ ರೇಗಿತು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಅಂದೆ. ಆ ದೊರೆಯ ಬಂಗಲೆಗೆ ಕಂಬ ಹೊತ್ತವರು ಯಾರು, ಅವನ ಸ್ನಾನಕ್ಕೆ ನೀರು ಸೇದಿದವರು ಯಾರು, ಮೀನು ತಂದವರು ಎಲ್ಲಿ ನಿಂತು ಕೊಟ್ಟರು? ಆ ಕ್ಯಾಲೆಂಡರಿನ ಮನೆಗಳಿಗೆಲ್ಲ ಪಟದಲ್ಲಿ ಕಾಣದ ಒಂದು ಮೂಲೆ ಇರುತ್ತದೆ, ನಮ್ಮಂಥವರು ಅಲ್ಲಿ ಕಾಯುತ್ತಿರುತ್ತಾರೆ. ಬಾಬಾಸಾಹೇಬರ ಜಯಂತಿಗೆ ಶಾಲು ಹೊದ್ದು ಭಾಷಣ ಕೇಳಿ ಬಂದವನಿಗೆ ಇಷ್ಟು ತಿಳಿಯುವುದಿಲ್ಲವೆ?

"ನಂಗೆ ಗೊತ್ತಿಲ್ವಾ ಅಕ್ಕ?" ಅಂದ. ಅಷ್ಟೇ. ಕೈ ತೊಳೆದು ಹೊರಗೆ ಹೋದ.

ಗೊತ್ತಿದ್ದರೆ ಯಾಕೆ ಕಟ್ಟಿಸುತ್ತಿದ್ದಾನೆ? ಅವ್ವ ನನ್ನ ಕಡೆ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಜಾವಗಲ್ಲಿಗೆ ಬರುತ್ತೀಯಾ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಬರುವುದಿಲ್ಲ ಎಂದುಬಿಟ್ಟರೆ ಎಂದು ಭಯವಾಯಿತು.

ಮೇ 10

ಸಂತೆಯಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ಸಿಕ್ಕರು. ನಮ್ಮ ಶಾಲೆಯಲ್ಲೇ ಗಣಿತ ಹೇಳುವವರು, ಬೇಲೂರಿನ ದೇವಸ್ಥಾನದ ಅರ್ಚಕರ ಕಡೆಯವರು. ನಾಲ್ಕು ಜನರ ಮುಂದೆ, "ಏನ್ ಮೀನಾಕ್ಷಿ ಮೇಡಂ, ನಿಮ್ಮ ತಮ್ಮ ಅರಸೀಕೆರೆಗೇ ಸಮುದ್ರ ತಂದ್ಬಿಟ್ರಂತೆ? ಹಿಂಬಾಗಿಲೇ ಇಲ್ವಂತೆ ಮನೆಗೆ? ಈಗಿನವರಿಗೆ ಶೋಕಿ ಅಂದ್ರೆ ಹೀಗೆ" ಎಂದು ನಕ್ಕರು.

"ಬನ್ನಿ ಸಾರ್ ಗೃಹಪ್ರವೇಶಕ್ಕೆ. ಎಲ್ಲಿಂದ ಬಂದ್ರೂ ಮುಂಬಾಗಿಲಿಂದಲೇ ಬಂದಹಾಗೆ ಆಗುತ್ತೆ. ಅದರಲ್ಲಿ ನಗೋದು ಏನಿದೆ?" ಅಂದೆ. ದನಿ ಸ್ವಲ್ಪ ಜೋರಾಗಿತ್ತಂತೆ, ಬದನೆಕಾಯಿ ಮಾರುವವಳು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದಳು.

ನಾನು ನಗಬಹುದು. ಅವನು ನನ್ನ ತಮ್ಮ, ನನಗೆ ಹಕ್ಕಿದೆ. ಇವರಿಗೆ ಯಾರು ಕೊಟ್ಟರು?

ಮೇ 19

ನೀಲಿ ಬಣ್ಣ ಒಣಗಿದ ಮೇಲೆ ಒಂದು ಛಾಯೆ ಗಾಢವಾಗಿದೆ. ಪರವಾಗಿಲ್ಲ. ಪಶ್ಚಿಮದ ಕೋಣೆಗೆ ಸಂಜೆ ಬಿಸಿಲು ನೇರ ಬೀಳುತ್ತದೆ, ಅಲ್ಲಿ ಯಾರು ಮಲಗುತ್ತಾರೋ ಅವರ ಪಾಡು ದೇವರಿಗೇ ಪ್ರೀತಿ. ಹಾಸಿಗೆ ಬಾಗಿಲ ಎಡಕ್ಕೆ ಹಾಕಿದರೆ ತಪ್ಪಿಸಿಕೊಳ್ಳಬಹುದು.

ಮೇ 26

ಬುದ್ಧ ಪೂರ್ಣಿಮೆ. ಇವತ್ತು ಗೃಹಪ್ರವೇಶ. ಬರೆಯಲು ಕೂತಿದ್ದೇನೆ, ಎಲ್ಲಿಂದ ಶುರುಮಾಡುವುದೋ ತಿಳಿಯುತ್ತಿಲ್ಲ.

ಬೆಳಿಗ್ಗೆ ಹಾಸನದಿಂದ ಬೌದ್ಧ ಭಿಕ್ಷು ಭಂತೇಜಿ ಬಂದರು. ನೆಂಟರು, ಕಚೇರಿಯವರು, ಶಾಲೆಯವರು, ಎಲ್ಲರೂ ರಸ್ತೆಯ ಕಡೆಯ ಶಾಮಿಯಾನದಲ್ಲಿ ಸೇರಿದ್ದರು. ಗೋಪಾಲಸ್ವಾಮಿ ಮೇಷ್ಟ್ರೂ ಬಂದಿದ್ದರು. ಬಂದವರನ್ನು ಮಾತಾಡಿಸಬೇಕಾದ ಯಜಮಾನನೇ ಪತ್ತೆಯಿಲ್ಲ. ಲತಾಮಣಿ ಒಬ್ಬಳೇ ಕೈ ಮುಗಿದು ಮುಗಿದು ಸುಸ್ತಾಗಿದ್ದಳು. ನಾನು ನಾವಿದ್ದ ಬಾಡಿಗೆ ಮನೆಗೆ ಹೋಗಿ ಅವ್ವನನ್ನು ಆಟೋದಲ್ಲಿ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಇವನನ್ನು ಬೈದುಕೊಂಡೇ ಬಂದೆ.

ಆಟೋ ಇಳಿದು ಅವ್ವ ಮನೆ ನೋಡಿದಳು. ಮೊದಲ ಸಲ ನೋಡಿದ್ದು. ಬಿಳಿ ಗೋಡೆ, ಎತ್ತರದ ಕಂಬ, ದೊಡ್ಡ ಬಾಗಿಲು, ಬಾಗಿಲ ತುಂಬ ಜನ. ಸೆರಗು ತಲೆಯ ಮೇಲೆ ಎಳೆದುಕೊಂಡಳು. ನನ್ನ ಕೈ ಬಿಟ್ಟಳು. ಬಿಟ್ಟು ಪಕ್ಕಕ್ಕೆ ನಡೆದಳು.

ಎಲೆಯಡಿಕೆ ಉಗಿಯಲು ಹೋದಳೆಂದುಕೊಂಡೆ. ನಿಲ್ಲಲಿಲ್ಲ. ಗೋಡೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಬಳಸಿಕೊಂಡು ಹೋಗುತ್ತಲೇ ಇದ್ದಳು. "ಅವ್ವ, ಈ ಕಡೆ" ಎಂದು ಕೂಗಿದೆ. ಕೇಳಿಸಲಿಲ್ಲ. ಆ ನಡಿಗೆ ನನಗೆ ಗೊತ್ತಿತ್ತು. ಆ ಸೆರಗು ಹಿಡಿದು ನಾನೇ ಹಾಗೆ ನಡೆದಿದ್ದೇನೆ. ಮಗ ಕಟ್ಟಿಸಿದ ಮನೆ ಎನ್ನುವುದು ಅವಳ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಶಾಮಿಯಾನದಲ್ಲಿ ಲೋಟ ಹಿಡಿದವರೆಲ್ಲ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ. ಹಿಂದೆಯೇ ಓಡಿದೆ.

ಮೂಲೆ ತಿರುಗಿದರೆ ಅಲ್ಲಿ ಮೆಟ್ಟಿಲು, ಅಲ್ಲೂ ಕಂಬ, ತೆರೆದಿಟ್ಟ ದೊಡ್ಡ ಬಾಗಿಲು. ಮರಳಿನ ಮೇಲೆ ಹೊಸ ಬಿಳಿ ಅಂಗಿ ಹಾಕಿಕೊಂಡು ಪುಟ್ಟರಾಜು ಒಬ್ಬನೇ ನಿಂತಿದ್ದ. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದನಂತೆ.

"ಬಾ ಅವ್ವ."

ಅವ್ವ ತಲೆಯೆತ್ತಿದಳು. "ಇದ್ಯಾವ ಬಾಗ್ಲಪ್ಪ?"

"ಮುಂಬಾಗ್ಲು ಕಣವ್ವ."

"ಆ ಕಡೇದು?"

"ಅದೂ ಮುಂಬಾಗ್ಲೇ."

"ಹಂಗಾರೆ ಹಿಂದ್ಗಡೆದು ಎಲ್ಲೈತ್ಲಾ?"

"ಇಲ್ಲ ಕಣವ್ವ. ಕಟ್ಟಿಸ್ಲಿಲ್ಲ."

ಅವ್ವ ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ತಲೆಯ ಮೇಲಿನ ಸೆರಗು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ಭುಜದ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಹತ್ತಿ, ಹೊಸಿಲ ಮೇಲೆ ನಿಂತು ಹಿಂದಿರುಗಿ, "ಮುಸುರೆ ಎಲ್ಲಿ ಚೆಲ್ಲಾದ್ಲಾ ಮತ್ತೆ?" ಅಂದಳು. ನನ್ನ ಹಿಂದೆ ಬಂದಿದ್ದವರೆಲ್ಲ ನಕ್ಕರು. ಪುಟ್ಟರಾಜು ಅಳುತ್ತಿದ್ದ. ನನಗೆ ಕಣ್ಣಿಗೆ ಮರಳು ಹೋಗಿತ್ತು. ಆ ಮರಳು ಬೇಡವೆಂದು ಎಲ್ಲರಿಗಿಂತ ಮೊದಲು ಹೇಳಿದವಳು ನಾನೇ.

ತ್ರಿಶರಣ, ಪಂಚಶೀಲ ಆಯಿತು. ಊಟ ಆಯಿತು. ಜನ ಹೋದ ಮೇಲೆ ಅವನನ್ನು ಕೇಳಿದೆ, ಅವ್ವ ಹಾಗೆ ಹೋಗುತ್ತಾಳೆ ಎಂದು ಹೇಗೆ ಗೊತ್ತಿತ್ತು ಎಂದು.

"ನಾನೂ ಹಂಗೇ ಹೋಗಿದ್ನಲ್ಲಕ್ಕ, ಆ ದೊರೆ ಬಂಗ್ಲೇಲಿ" ಅಂದ. "ರೂಮಿಗೆ ದುಡ್ಡು ಕಟ್ಟಿ ಹೋದವನು ನಾನು. ಆ ಕಂಬ ನೋಡಿದ್ದೇ, ಕಾಲು ತಾನಾಗೇ ಪಕ್ಕಕ್ಕೆ ತಿರುಗ್ತು. ಬಳಸ್ಕಂಡು ಹಿಂದಕ್ಕೆ ಹೋದ್ರೆ ಅಲ್ಲೂ ದೊಡ್ ಬಾಗ್ಲು. ಒಬ್ಬ ಬಂದು, ಬನ್ನಿ ಸಾರ್ ಅಂತ ಬ್ಯಾಗ್ ಇಸ್ಕೊಂಡ. ಯಾಕೆ ಆ ಕಡೆ ತಿರುಗ್ದೆ ಅಂತ ಲತಾಗೂ ಹೇಳಿಲ್ಲ. ಅವ್ವನಿಗೆ ಒಂದ್ಸಲ ಹಂಗೆ ಆಗ್ಬೇಕು ಅನ್ನಿಸ್ತು."

ಇದನ್ನು ಡಿಸೆಂಬರಿನಲ್ಲೇ ಹೇಳಬಾರದಿತ್ತೆ? ಹೇಳದೆ ಇಷ್ಟು ತಿಂಗಳು ನನ್ನ ಬಾಯಿಗೆ ಸಿಕ್ಕಿಕೊಂಡ. ಮೂರ್ಖ.

ಜೂನ್ 12

ವರ್ಗದ ಆದೇಶ ಬಂದಿದೆ. ಜಾವಗಲ್. ಕೇಳಿದ್ದೇ ಸಿಕ್ಕಿದೆ.

ಮುಖ್ಯೋಪಾಧ್ಯಾಯರಿಗೆ ಹೋಗುವುದಿಲ್ಲವೆಂದು ಬರೆದು ಕೊಟ್ಟೆ. ಯಾಕೆಂದು ಕೇಳಿದರು. ಬೆಳಗಿನ ಬಸ್ಸು ತುಂಬ ಬೇಗ ಅಂದೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂದೆ. ಅದು ನಿಜವೇ. ಪುಟ್ಟರಾಜು ಮರಳಿಗೆ ಬೇಲಿ ಹಾಕುತ್ತೇನೆಂದು ಹೇಳುತ್ತಲೇ ಇದ್ದಾನೆ, ಹಾಕಿಲ್ಲ. ಮುಸುರೆಗೆ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿದವಳು ನಾನು. ಪಶ್ಚಿಮದ ಕೋಣೆಗೆ ಯಾರೂ ಹೋಗಲಿಲ್ಲವಾದ್ದರಿಂದ ನಾನೇ ಹೋಗಬೇಕಾಯಿತು. ದುಂಡು ಕಿಟಕಿಗೆ ಪರದೆ ಹೊಲಿಸುವುದು ಎಷ್ಟು ಕಷ್ಟವೆಂದು ಕ್ಯಾಲೆಂಡರಿನವರು ಎಲ್ಲೂ ಬರೆದಿಲ್ಲ. ಬ್ಯಾಗು ಖಾಲಿ ಮಾಡುವಾಗ ಫೆಬ್ರವರಿಯ ಚಿಪ್ಪುಗಳು ಸಿಕ್ಕವು. ಶಾಲೆಗೆ ಕೊಡಲು ಮರೆತೇಬಿಟ್ಟಿದ್ದೇನೆ. ಸದ್ಯಕ್ಕೆ ಕಿಟಕಿಯಲ್ಲಿಟ್ಟಿದ್ದೇನೆ.

ಸಂಜೆ ಮಳೆ ಬರುವ ಹಾಗೆ ಗಾಳಿ ಎದ್ದಿತ್ತು. ಅವ್ವ ಸಮುದ್ರದ ಕಡೆಯ ಮೆಟ್ಟಿಲ ಮೇಲೆ ಕೋಲು ಹಿಡಿದು ಕೂತಿದ್ದಳು. ಮೇಕೆ ಓಡಿಸುವುದು ಅವಳ ಕೆಲಸ. ಒಂದನ್ನೂ ಓಡಿಸುವುದಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಕೊಟ್ಟಿಗೆ, ರಾಗಿ ಹೊಲ, ತೆಂಗಿನ ತಲೆಗಳು.

"ಎಲ್ಲಮ್ಮಿ ಐತೆ ಸಮುದ್ರ?" ಅಂದಳು.

"ಪಶ್ಚಿಮಕ್ಕೇ ಐತೆ ಕಣವ್ವ" ಅಂದೆ. "ನಡುವೆ ಏನೇನೋ ಐತೆ ಅಷ್ಟೆ."